ಸ್ಕೇಲ್ ಬದಲಿಸುವುದು: ಹಾಡು ಅದೇ, ಷಡ್ಜ ಬೇರೆ

ಬಳ್ಳಾರಿಯ ರಸಮಂಜರಿ ಇರಲಿ, ಕೊಪ್ಪಳದ ಕಡೆಯ ಮಠದ ಭಜನೆ ಇರಲಿ, ಪೇಟಿ (ಹಾರ್ಮೋನಿಯಂ) ಹಿಡಿದವರ ಮೊದಲ ಪ್ರಶ್ನೆ ‘ಸ್ಕೇಲ್ ಯಾವುದ್ರೀ?’ ‘ಕರಿ ಒಂದು’ ಎಂದರೆ ಸಿ ಶಾರ್ಪ್, ‘ಬಿಳಿ ನಾಲ್ಕು’ ಎಂದರೆ ಎಫ್. ಆ ಮನೆಯೇ, ಅಂದರೆ ಬೆರಳಿಡುವ ಆ ಕೀಲಿಯೇ, ಹಾಡಿನ ಷಡ್ಜ (ಸ). ಷಡ್ಜವನ್ನು ಬೇರೆ ಮನೆಗೆ ಒಯ್ದು, ಹಾಡಿನ ಪ್ರತಿ ಸ್ವರವನ್ನೂ ಪ್ರತಿ ಕಾರ್ಡನ್ನೂ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಅಷ್ಟೇ ಮನೆ ಸರಿಸಿದರೆ ಸ್ಕೇಲ್ ಬದಲಾಯಿತು ಎಂದರ್ಥ. ಕೀಬೋರ್ಡಿನವರು ಇದನ್ನೇ ಟ್ರಾನ್ಸ್‌ಪೋಸ್ ಅನ್ನುತ್ತಾರೆ.

ಒಂದು ಸಪ್ತಕದಲ್ಲಿ ಬಿಳಿ 7 (ಸಿ, ಡಿ, ಇ, ಎಫ್, ಜಿ, ಎ, ಬಿ), ಕರಿ 5, ಒಟ್ಟು 12 ಮನೆ. ಇ–ಎಫ್ ನಡುವೆ, ಬಿ–ಸಿ ನಡುವೆ ಕರಿ ಮನೆ ಇಲ್ಲ. ಎಣಿಕೆ ತಪ್ಪುವುದು ಹೆಚ್ಚಾಗಿ ಇಲ್ಲೇ. ಬೆರಳಿಟ್ಟ ಮನೆಯನ್ನು ಎಣಿಸಬಾರದು. ಸಿ ಇಂದ ಒಂದು ಮನೆ ಎಂದರೆ ಸಿ ಶಾರ್ಪ್.

ಎಷ್ಟು ಮನೆ ಸರಿಸಬೇಕು? ಗಂಡಸರಿಗೆ ಕರಿ ಒಂದು, ಹೆಂಗಸರಿಗೆ ಕರಿ ನಾಲ್ಕು ಎಂಬ ರೂಢಿಯ ಲೆಕ್ಕ ಹಿಡಿದು ಕೂತರೆ ಸಾಲದು. ಹಾಡಿನ ಅತಿ ಮೇಲಿನ ಸ್ವರ ಯಾವುದು, ಹಾಡುವವರು ಕಿರುಚದೆ ಎಲ್ಲಿವರೆಗೆ ಮುಟ್ಟುತ್ತಾರೆ ಎಂಬುದೇ ಮುಖ್ಯ. ಬಹಳ ಮಂದಿ ಪಲ್ಲವಿ ಹಾಡಿ ನೋಡಿ ಸ್ಕೇಲ್ ಗೊತ್ತುಮಾಡುತ್ತಾರೆ, ಚರಣ ಮೇಲಕ್ಕೆ ಏರಿದಾಗ ದನಿ ಒಡೆಯುತ್ತದೆ. ಮೊದಲು ಚರಣವನ್ನೇ ಹಾಡಿಸಬೇಕು. ಸಿ ಸ್ಕೇಲಿನ ಹಾಡು ತಾರ ಗ, ಅಂದರೆ ಮೇಲಿನ ಇ ಮುಟ್ಟುತ್ತದೆ, ಗಾಯಕರ ದನಿ ಸಿ ಶಾರ್ಪ್‌ಗೆ ನಿಲ್ಲುತ್ತದೆ ಎಂದುಕೊಳ್ಳಿ. ಅಂತರ 3 ಮನೆ. ಸಿ ಇಂದ 3 ಮನೆ ಇಳಿದರೆ ಎ, ಅಂದರೆ ಬಿಳಿ ಆರು. ಅಲ್ಲಿಗೇ ಮುಗಿಯಲಿಲ್ಲ, ಕೆಳಗೂ ನೋಡಬೇಕು: ಹಾಡಿನಲ್ಲಿ ಮಂದ್ರ ಪ (ಕೆಳಗಿನ ಸಪ್ತಕದ ಪ) ಇದ್ದರೆ ಅದು ಜಿ ಇಂದ ಇ ಗೆ ಇಳಿಯುತ್ತದೆ. ಅಲ್ಲಿ ದನಿ ಬರೀ ಗಾಳಿಯಾದರೆ ಎರಡೇ ಮನೆ ಇಳಿಸಿ, ಮೇಲಿನ ಸ್ವರಕ್ಕೆ ತುಸು ಶ್ರಮ ಪಡುವುದು ಒಳ್ಳೆಯದು. ಮಾನ್ವಿ ಕಡೆಯ ದಾಸರ ಪದಗಳಂತೆ ಎಲ್ಲರೂ ಕೂಡಿ ಹಾಡುವ ಕಡೆ ಮುಂದಾಳಿನ ಗಂಟಲನ್ನಲ್ಲ, ದನಿಗೂಡಿಸುವವರ ಗಂಟಲನ್ನು ಅಳೆಯಬೇಕು.

ಕಾರ್ಡ್‌ಗಳನ್ನು ಹೆಸರಿಗಿಂತ ಸ್ವರಸ್ಥಾನದಲ್ಲಿ ಬರೆದಿಟ್ಟುಕೊಂಡರೆ ಮತ್ತೆ ಮತ್ತೆ ಎಣಿಸುವ ಕೆಲಸವಿಲ್ಲ. ಸಿ, ಎ ಮೈನರ್, ಎಫ್, ಜಿ ಎಂಬುದು ಸ ಮೇಜರ್, ಧ ಮೈನರ್, ಮ ಮೇಜರ್, ಪ ಮೇಜರ್. ಎ ಸ್ಕೇಲಿನಲ್ಲಿ ಇದೇ ಸಾಲು ಎ, ಎಫ್ ಶಾರ್ಪ್ ಮೈನರ್, ಡಿ, ಇ ಆಗುತ್ತದೆ. ಹೆಸರು ಬದಲಾಗುತ್ತದೆ, ಜಾತಿ ಬದಲಾಗದು: ಮೈನರ್ ಮೈನರಾಗಿಯೇ ಉಳಿಯಬೇಕು. ಎಫ್ ಶಾರ್ಪ್ ಮೇಜರ್ ಒತ್ತಿದರೆ ಅದರಲ್ಲಿ ಎ ಶಾರ್ಪ್ ಬರುತ್ತದೆ, ಅದು ಹಾಡಿನ ಷಡ್ಜಕ್ಕೇ ಬಡಿಯುತ್ತದೆ.

ಗಿಟಾರಿನವರಿಗೆ ಎಫ್ ಶಾರ್ಪ್ ಮೈನರ್ ಹಿಡಿಯುವುದು ಕಷ್ಟ. ಎರಡನೇ ಫ್ರೆಟ್ಟಿಗೆ ಕ್ಯಾಪೊ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್) ಹಾಕಿ ಜಿ, ಇ ಮೈನರ್, ಸಿ, ಡಿ ಹಿಡಿದರೆ ಕೇಳುವುದು ಎ ಸ್ಕೇಲೇ. ಕ್ಯಾಪೊ ಶ್ರುತಿಯನ್ನು ಏರಿಸುತ್ತದೆ, ಇಳಿಸುವುದಿಲ್ಲ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ −3 ಇಟ್ಟು ಸಿ ಕಾರ್ಡ್‌ಗಳನ್ನೇ ನುಡಿಸಬಹುದು. −3 ಇಟ್ಟು ಬೆರಳನ್ನೂ ಎ ಗೆ ಒಯ್ದರೆ ಒಟ್ಟು 6 ಮನೆ ಇಳಿದು ಎಫ್ ಶಾರ್ಪ್ ಕೇಳುತ್ತದೆ. ಹಾಡು ಮುಗಿದೊಡನೆ ಸೊನ್ನೆಗೆ ತರಲು ಮರೆತರೆ ಮುಂದಿನ ಹಾಡು ಮೊದಲ ಸಾಲಿಗೇ ಕೆಡುತ್ತದೆ. ಸ್ಕೇಲ್ ಚೇಂಜರ್ ಪೇಟಿಯಲ್ಲಿ ಮನೆಗಳ ಹಲಗೆಯೇ ಜರುಗುವುದರಿಂದ ಬೆರಳಿನ ಹಾದಿ ಬದಲಾಗದು.

ತಬಲಾದವರನ್ನು ಮರೆತು ಸ್ಕೇಲ್ ಬದಲಿಸುವುದು ದೊಡ್ಡ ತಪ್ಪು. ಬಲ ತಬಲಾ ಸಿ ಗೆ ಕೂಡಿರುತ್ತದೆ, ಹಾಡು ಎ ಗೆ ಇಳಿಯುತ್ತದೆ. ಆಗ ತಬಲಾದ ಸಿ ಹಾಡಿನ ಕೋಮಲ ಗ (ಶುದ್ಧ ಗ ಗಿಂತ ಒಂದು ಮನೆ ಕೆಳಗಿನದು) ಆಗುತ್ತದೆ, ಹಾಡಿನಲ್ಲಿರುವುದೋ ಶುದ್ಧ ಗ. ಎರಡೂ ಒಟ್ಟಿಗೆ ಕೇಳಿದರೆ ಗಾಯಕರ ಸ್ವರವೇ ಜಾರಿದಂತೆ ಕಾಣುತ್ತದೆ. ಗಟ್ಟಾ (ತಬಲಾದ ಪಟ್ಟಿಗಳಡಿಯ ಮರದ ತುಂಡು) ಬಡಿದು ಒಂದು ಮನೆ, ಬಹಳವೆಂದರೆ ಎರಡು ಮನೆ ಹೊಂದಿಸಬಹುದು. ಮೂರು ಮನೆ ಸಡಿಲಿಸಿದರೆ ಚರ್ಮದ ನಾದ ಕುಂದುತ್ತದೆ. ಎ ಗೆ ಕೂಡುವ, ಬಾಯಿ ತುಸು ಅಗಲವಾದ ಇನ್ನೊಂದು ತಬಲಾ ತರಿಸಬೇಕು. ಅದಿಲ್ಲದಿದ್ದರೆ ಇದ್ದದ್ದನ್ನೇ ಎರಡು ಮನೆ ಏರಿಸಿ ಡಿ ಗೆ, ಅಂದರೆ ಹಾಡಿನ ಮಧ್ಯಮಕ್ಕೆ ಕೂಡಿಸಬಹುದು. ಹಾಡಿನಲ್ಲಿ ಶುದ್ಧ ಮಧ್ಯಮ ಇದ್ದರಷ್ಟೇ ಅದು ಒಪ್ಪುತ್ತದೆ.