32 ಟಿಬಿ ಡ್ರೈವ್‌ಗೆ 32 ಜಿಬಿ ರ‍್ಯಾಮ್ ಹಾಕಿಸಲೇಬೇಕೇ?

ಪ್ರಶ್ನೆ: ಮನೆಯವರೆಲ್ಲರ ಫೋಟೊ, ವಿಡಿಯೊ ಒಂದೇ ಕಡೆ ಇರಲಿ ಅಂತ ಹಳೇ ಡೆಸ್ಕ್‌ಟಾಪ್‌ನಲ್ಲಿ ಟ್ರೂನಾಸ್ (ಕಂಪ್ಯೂಟರನ್ನು ಮನೆಯ ಕಡತ ಸಂಗ್ರಹದ ಸರ್ವರ್, ಅಂದರೆ ನಾಸ್, ಆಗಿಸುವ ಸಾಫ್ಟ್‌ವೇರ್) ಹಾಕಬೇಕೆಂದಿದ್ದೇನೆ. 8 ಟಿಬಿಯ ನಾಲ್ಕು ಡ್ರೈವ್ ತಗೊಳ್ಳುವ ಯೋಚನೆ ಇದೆ. ಟಿಬಿಗೊಂದು ಜಿಬಿ ರ‍್ಯಾಮ್ ಇರಲೇಬೇಕು ಅಂತಾರೆ. ಈಗಿರುವುದು 8 ಜಿಬಿ. 32 ಜಿಬಿ ಹಾಕಿಸಲೇಬೇಕಾ?

ಉತ್ತರ: ಬೇಡ. 16 ಜಿಬಿ ಮಾಡಿಸಿಕೊಳ್ಳಿ, ಧಾರಾಳವಾಗಿ ಸಾಕು. ಮಿಕ್ಕ ದುಡ್ಡು ಬ್ಯಾಕಪ್ಪಿಗೆ ಇನ್ನೊಂದು ಡ್ರೈವ್ ಕೊಳ್ಳಲು ಇರಲಿ. ಈ ಪ್ರಶ್ನೆ ಕೇಳುವ ಹೆಚ್ಚಿನವರು ರ‍್ಯಾಮ್ ಬಗ್ಗೆ ತಲೆ ಕೆಡಿಸಿಕೊಂಡಷ್ಟು ಬ್ಯಾಕಪ್ ಬಗ್ಗೆ ಕೆಡಿಸಿಕೊಂಡಿರುವುದಿಲ್ಲ. ನನಗೆ ನಿಜವಾದ ಆತಂಕ ಇರುವುದು ಅಲ್ಲಿ.

ಟ್ರೂನಾಸ್ ಒಳಗಿರುವ ಜಡ್‌ಎಫ್‌ಎಸ್, ಅಂದರೆ ಡ್ರೈವ್‌ಗಳಲ್ಲಿ ಕಡತಗಳನ್ನು ಬರೆದಿಡುವ ವ್ಯವಸ್ಥೆ, ಹುಟ್ಟಿದ್ದು ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿ, ದೊಡ್ಡ ಸರ್ವರ್‌ಗಳಿಗಾಗಿ, ಹೊರಬಂದದ್ದು 2005ರಲ್ಲಿ. ಆಗಾಗ ಓದುವ ಮತ್ತು ಈಚೆಗೆ ಓದಿದ ಮಾಹಿತಿಯನ್ನು ಅದು ರ‍್ಯಾಮ್‌ನಲ್ಲೇ ಇಟ್ಟುಕೊಳ್ಳುತ್ತದೆ. ಈ ಸಂಗ್ರಹಕ್ಕೆ ಎಆರ್‌ಸಿ ಎಂದು ಹೆಸರು. ಖಾಲಿ ರ‍್ಯಾಮ್ ಎಷ್ಟಿದೆಯೋ ಅದರಲ್ಲಿ ಬಹುಪಾಲನ್ನು ಎಆರ್‌ಸಿ ತುಂಬಿಕೊಳ್ಳುತ್ತದೆ, ಬೇರೆ ಪ್ರೋಗ್ರಾಂ ಕೇಳಿದರೆ ಬಿಟ್ಟುಕೊಡುತ್ತದೆ. ಹಾಗಾಗಿ ಪರದೆಯ ಮೇಲೆ ಮೆಮೊರಿ ತುಂಬಿದಂತೆ ಕಂಡರೆ ಗಾಬರಿ ಬೇಡ, ಅದು ಹಾಗೇ ಇರಬೇಕು.

ಐವತ್ತು ಜನ ದಿನವಿಡೀ ಅವೇ ಕಡತಗಳನ್ನು ತೆರೆಯುವ ಕಚೇರಿಯಲ್ಲಿ ಎಆರ್‌ಸಿ ದೊಡ್ಡದಿದ್ದಷ್ಟೂ ಲಾಭ. ಮನೆಯಲ್ಲಿ ನಡೆಯುವುದು ಬೇರೆ. ಮದುವೆ ವಿಡಿಯೊ ವರ್ಷಕ್ಕೊಮ್ಮೆ ನೋಡುತ್ತೇವೆ, ಸಿನಿಮಾ ಒಂದು ಸಲ. ಎರಡನೇ ಸಲ ಓದದ ಮಾಹಿತಿಯನ್ನು ರ‍್ಯಾಮ್‌ನಲ್ಲಿಟ್ಟು ಪ್ರಯೋಜನವಿಲ್ಲ. ಮೇಲಾಗಿ ಗಿಗಾಬಿಟ್ ಕೇಬಲ್‌ನಲ್ಲಿ ಹರಿಯುವುದೇ ಸೆಕೆಂಡಿಗೆ 110 ಎಂಬಿ ಆಸುಪಾಸು. ದೊಡ್ಡ ಕಡತವನ್ನು ಅಷ್ಟು ವೇಗದಲ್ಲಿ ಈಗಿನ ಒಂದೇ ಹಾರ್ಡ್ ಡಿಸ್ಕ್ ಓದಿ ಕೊಡುತ್ತದೆ. ವೈಫೈ ಆದರೆ ಇನ್ನೂ ಕಡಿಮೆ.

ಟ್ರೂನಾಸ್ ಕೇಳುವ ಕನಿಷ್ಠ ರ‍್ಯಾಮೇ 8 ಜಿಬಿ, ಅದು ನಿಮ್ಮಲ್ಲಿದೆ. 16 ಎಂದದ್ದು ಏಕೆಂದರೆ ನಾಳೆ ನೀವು ಸಿನಿಮಾ ಟಿವಿಗೆ ಹರಿಸುವ ಜೆಲ್ಲಿಫಿನ್ ಹಾಕುತ್ತೀರಿ, ಫೋಟೊದಲ್ಲಿ ಮುಖ ಗುರುತಿಸುವ ಇಮ್ಮಿಚ್ ಹಾಕುತ್ತೀರಿ. ರ‍್ಯಾಮ್ ತಿನ್ನುವುದು ಇಂಥವು. ವರ್ಚುವಲ್ ಮಷೀನ್ (ಕಂಪ್ಯೂಟರ್ ಒಳಗೊಂದು ಕಂಪ್ಯೂಟರ್) ಓಡಿಸುವ ಆಸೆಯಿದ್ದರೆ ಮಾತ್ರ 32ರ ಮಾತು.

ಟಿಬಿ ಲೆಕ್ಕದಲ್ಲೇ ರ‍್ಯಾಮ್ ಬೇಡುವ ಸೌಲಭ್ಯವೊಂದು ನಿಜಕ್ಕೂ ಇದೆ: ಡಿಡ್ಯೂಪ್, ಅಂದರೆ ತದ್ರೂಪಿಯಾದ ಬ್ಲಾಕ್‌ಗಳನ್ನು (ಕಡತದ ತುಂಡುಗಳನ್ನು) ಒಮ್ಮೆ ಮಾತ್ರ ಬರೆದಿಡುವುದು. ಇದರ ಸಾಂಪ್ರದಾಯಿಕ ಲೆಕ್ಕದಲ್ಲಿ ಪ್ರತಿ ಬ್ಲಾಕ್‌ನ ಗುರುತಿಗೆ ಸುಮಾರು 320 ಬೈಟ್ ಬೇಕು. 128 ಕೆಬಿ ಬ್ಲಾಕ್ ಎಂದುಕೊಂಡರೆ ಒಂದು ಟಿಬಿಯಲ್ಲಿ 76 ಲಕ್ಷ ಬ್ಲಾಕ್, ಅಂದರೆ 2.4 ಜಿಬಿ ರ‍್ಯಾಮ್. ಬ್ಲಾಕ್ ಚಿಕ್ಕದಾದರೆ ಲೆಕ್ಕ ಇನ್ನೂ ಏರುತ್ತದೆ. ಫೋಟೊ, ವಿಡಿಯೊಗಳಲ್ಲಿ ಇದರಿಂದ ಉಳಿಯುವ ಜಾಗ ತೀರಾ ಕಡಿಮೆ. ಅದನ್ನು ಮುಟ್ಟಬೇಡಿ. ಕಡತವನ್ನು ಕುಗ್ಗಿಸಿಡುವ ಎಲ್‌ಝಡ್4 ಕಂಪ್ರೆಶನ್ ಇರಲಿ, ಅದರ ಹೊರೆ ಗೊತ್ತೇ ಆಗುವುದಿಲ್ಲ. ತನ್ನಲ್ಲಾಗುವ ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ರ‍್ಯಾಮ್ ಹಿಡಿಸುವ ಬೋರ್ಡ್ ಇದ್ದರೆ ಒಳ್ಳೆಯದು. ಇಲ್ಲವೆಂದು ಯೋಜನೆಯನ್ನೇ ಕೈಬಿಡಬೇಕಿಲ್ಲ.

ಇನ್ನು ಡ್ರೈವ್‌ಗಳು. ನಾಲ್ಕನ್ನೂ ರೇಡ್-ಜಡ್1ರಲ್ಲಿ (ಒಂದು ಡ್ರೈವ್‌ನಷ್ಟು ಜಾಗವನ್ನು ರಕ್ಷಣೆಗೆ ಮೀಸಲಿಡುವ ಜೋಡಣೆ) ಕಟ್ಟಿದರೆ 24 ಟಿಬಿ ಸಿಗುತ್ತದೆ, ಆದರೆ ತಡೆಯುವುದು ಒಂದೇ ಡ್ರೈವ್‌ನ ಸಾವನ್ನು. ರೇಡ್-ಜಡ್2ರಲ್ಲಿ 16 ಟಿಬಿ. ಯಾವ ಎರಡು ಹೋದರೂ ಮಾಹಿತಿ ಉಳಿಯುತ್ತದೆ. ಒಂದರ ನಕಲು ಇನ್ನೊಂದರಲ್ಲಿರುವ ಎರಡೆರಡರ ಮಿರರ್ ಜೋಡಿಗಳಲ್ಲೂ 16 ಟಿಬಿಯೇ, ಆದರೆ ಒಂದೇ ಜೋಡಿಯ ಎರಡೂ ಹೋದರೆ ಇಡೀ ಪೂಲ್ (ಡ್ರೈವ್‌ಗಳೆಲ್ಲ ಸೇರಿದ ಸಂಗ್ರಹ) ಹೋಯಿತು. ಕಂಪ್ಯೂಟರ್ ಇದನ್ನು ಬೇರೆ ಮಾನದಲ್ಲಿ ಎಣಿಸುವುದರಿಂದ 16 ಟಿಬಿ ಪರದೆಯಲ್ಲಿ 14.5 ಎಂದು ಕಾಣುತ್ತದೆ. ಪೂಲ್ ಶೇ 80ಕ್ಕಿಂತ ಹೆಚ್ಚು ತುಂಬದಂತೆ ನೋಡಿಕೊಳ್ಳಬೇಕಾದ್ದರಿಂದ ಕೈಗೆ ಸಿಗುವುದು 11.6.

ರೇಡ್-ಜಡ್1 ಬೇಡ ಅನ್ನಲು ಕಾರಣವಿದೆ. ಸತ್ತ ಡ್ರೈವ್ ಜಾಗಕ್ಕೆ ಹೊಸದನ್ನು ಹಾಕಿದಾಗ ಉಳಿದ ಮೂರನ್ನೂ ಓದಿ ಅದನ್ನು ತುಂಬಿಸಬೇಕು. ತುಂಬಿದ 8 ಟಿಬಿಗೆ, ಸೆಕೆಂಡಿಗೆ 150 ಎಂಬಿ ಸಿಕ್ಕರೂ 15 ಗಂಟೆ ಹಿಡಿಯುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು. ಒಂದೇ ದಿನ ಕೊಂಡ, ಒಂದೇ ವಯಸ್ಸಿನ ಮೂರು ಡ್ರೈವ್‌ಗಳು ಇಷ್ಟು ಹೊತ್ತು ಬಿಡುವಿಲ್ಲದೆ ದುಡಿಯುವಾಗ ಇನ್ನೊಂದು ಕೈಕೊಟ್ಟರೆ ಹಿಡಿದು ನಿಲ್ಲಿಸಲು ಏನೂ ಉಳಿದಿರುವುದಿಲ್ಲ.

ಆದರೆ ಮೊದಲು ಇದನ್ನು ಕೇಳಿಕೊಳ್ಳಿ: ನಿಮ್ಮ ಮನೆಯ ಫೋಟೊ, ವಿಡಿಯೊ ಈಗ ಒಟ್ಟು ಎಷ್ಟಿದೆ? ಹೆಚ್ಚಿನ ಮನೆಗಳಲ್ಲಿ ಅದು 2–3 ಟಿಬಿ ದಾಟಿರುವುದಿಲ್ಲ. ಹಾಗಿದ್ದರೆ ಈಗ ಕೊಳ್ಳಬೇಕಾದದ್ದು ನಾಲ್ಕಲ್ಲ, ಮೂರು. ಎರಡು ಮಿರರ್ ಆಗಿ ಪೆಟ್ಟಿಗೆಯೊಳಗೆ, ಮೂರನೆಯದು ಯುಎಸ್‌ಬಿ ಡಬ್ಬಿಯಲ್ಲಿ ಬ್ಯಾಕಪ್ಪಿಗೆ. ಜಾಗ ಸಾಲದೆ ಹೋದಾಗ ಇನ್ನೊಂದು ಜೋಡಿ ಸೇರಿಸಿದರಾಯಿತು. ಆ ಹೊತ್ತಿಗೆ ಅದೇ ದುಡ್ಡಿಗೆ ದೊಡ್ಡ ಡ್ರೈವ್ ಸಿಕ್ಕರೂ ಸಿಗಬಹುದು.

ಆ ಮೂರನೆಯದನ್ನು ಮಾತ್ರ ದಯವಿಟ್ಟು ಬಿಡಬೇಡಿ. ಮಿರರ್ ಆಗಲಿ ರೇಡ್ ಆಗಲಿ ಬ್ಯಾಕಪ್ ಅಲ್ಲ. ಮಗು ಫೋಲ್ಡರ್ ಅಳಿಸಿದರೆ ಎರಡೂ ಡ್ರೈವ್‌ಗಳಲ್ಲಿ ಒಂದೇ ಕ್ಷಣಕ್ಕೆ ಅಳಿಯುತ್ತದೆ. ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿನ ಕಡತಗಳ ಸ್ಥಿತಿಯ ದಾಖಲೆ, ಇಟ್ಟಿದ್ದರೆ ಅದರಿಂದ ಪಾರಾಗಬಹುದು, ಕಳ್ಳತನದಿಂದಲ್ಲ, ಏಪ್ರಿಲ್–ಮೇ ಮಳೆಯ ಸಿಡಿಲಿನಿಂದಲ್ಲ. ಬ್ಯಾಕಪ್ ಡ್ರೈವ್ ಕೆಲಸ ಮುಗಿದ ಮೇಲೆ ಪ್ಲಗ್ ಕಿತ್ತು ಬೇರೆಡೆ ಇರಲಿ, ಅಕ್ಕನ ಮನೆಯೋ ಊರ ಮನೆಯೋ. ಅಜ್ಜಿಯ ದನಿಯಿರುವ ರೆಕಾರ್ಡಿಂಗ್ ಒಮ್ಮೆ ಹೋದರೆ ಮತ್ತೆ ಯಾವ ಅಂಗಡಿಯಲ್ಲೂ ಸಿಗದು.

ಕೊಳ್ಳುವಾಗ ಡ್ರೈವ್ ಸಿಎಂಆರ್ (ಟ್ರ್ಯಾಕ್‌ಗಳನ್ನು ಬಿಡಿಬಿಡಿಯಾಗಿ ಬರೆಯುವ) ಬಗೆಯದೇ ಎಂದು ತಯಾರಕರ ಪಟ್ಟಿಯಲ್ಲಿ ನೋಡಿಕೊಳ್ಳಿ. ಎಸ್‌ಎಂಆರ್ ಡ್ರೈವ್‌ಗಳು ಟ್ರ್ಯಾಕ್‌ಗಳನ್ನು ಒಂದರ ಮೇಲೊಂದು ಸ್ವಲ್ಪ ಹಾಯುವಂತೆ ಬರೆಯುತ್ತವೆ; ದೀರ್ಘ ಬರಹದಲ್ಲಿ ವೇಗ ಕುಸಿಯುತ್ತದೆ, ಹೊಸ ಡ್ರೈವ್ ತುಂಬಿಸುವ ಕೆಲಸ ದಿನಗಟ್ಟಲೆ ಎಳೆಯಬಹುದು. ನಾಸ್‌ಗೆಂದೇ ಮಾರುತ್ತಿದ್ದ ರೆಡ್ ಸರಣಿಯ 2ರಿಂದ 6 ಟಿಬಿಯ ಕೆಲವು ಮಾದರಿಗಳಲ್ಲಿ ಎಸ್‌ಎಂಆರ್ ಇರುವುದನ್ನು ವೆಸ್ಟರ್ನ್ ಡಿಜಿಟಲ್ 2020ರಲ್ಲಿ ಒಪ್ಪಿಕೊಂಡಿತು. ಬಳಿಕ ಸಿಎಂಆರ್ ಮಾದರಿಗಳಿಗೆ ರೆಡ್ ಪ್ಲಸ್ ಎಂಬ ಹೆಸರು ಬಂತು.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನು ಯುಪಿಎಸ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಕರೆಂಟ್ ಹೋದ ಗಳಿಗೆಯಲ್ಲಿ ಸರ್ವರ್ ರೀಸ್ಟಾರ್ಟ್ ಆಗಬಹುದು. ಜಡ್‌ಎಫ್‌ಎಸ್ ಹಳೆಯ ಬ್ಲಾಕ್ ಮೇಲೆ ಬರೆಯದೆ ಹೊಸ ಜಾಗದಲ್ಲಿ ಬರೆಯುವುದರಿಂದ ಪೂಲ್ ಸಾಮಾನ್ಯವಾಗಿ ಕೆಡದು, ಕೊನೆಯ ಕೆಲವು ಸೆಕೆಂಡಿನ ಬರಹ ಹೋಗಬಹುದು ಅಷ್ಟೇ. ಪೆಟ್ಟಿಗೆಯನ್ನು ಅಟ್ಟದ ಮೇಲಿಡಬೇಡಿ. ಬೇಸಿಗೆಯಲ್ಲಿ ಅಲ್ಲಿನ ಸೆಕೆ ಡ್ರೈವ್‌ಗಳಿಗೆ ಒಳ್ಳೆಯದಲ್ಲ.

ಡ್ರೈವ್‌ಗಳು ಕೈಸೇರಿದ ದಿನವೇ ಫೋಟೊ ಸುರಿಯಬೇಡಿ. ಮೊದಲು ಮೂರಕ್ಕೂ ಸ್ಮಾರ್ಟ್ ಲಾಂಗ್ ಟೆಸ್ಟ್ (ಡ್ರೈವ್ ತನ್ನನ್ನು ತಾನೇ ಪೂರ್ತಿ ಪರೀಕ್ಷಿಸಿಕೊಳ್ಳುವ ಕ್ರಮ) ಹಚ್ಚಿ, ಮುಗಿಯುವವರೆಗೆ ಬಿಡಿ. ಕೆಟ್ಟ ಸೆಕ್ಟರ್ ಒಂದು ಕಂಡರೂ ವಾಪಸ್ ಮಾಡುವ ಗಡುವಿನೊಳಗೇ ಬದಲಾಯಿಸಿಕೊಳ್ಳಿ. ಪೂಲ್ ಕಟ್ಟುವ ಮುನ್ನ ಪ್ರತಿ ಡ್ರೈವ್‌ನ ಸೀರಿಯಲ್ ನಂಬರನ್ನು ಹೊರಗೆ ಕಾಣುವಂತೆ ಚೀಟಿಯಲ್ಲಿ ಬರೆದು ಅಂಟಿಸಿ. ಒಂದು ಕೆಟ್ಟ ದಿನ ಕೆಟ್ಟದ್ದನ್ನು ಬಿಟ್ಟು ಚೆನ್ನಾಗಿರುವುದನ್ನೇ ಕಿತ್ತುಬಿಡುವ ಅಪಾಯ ಅದರಿಂದ ತಪ್ಪುತ್ತದೆ.