ಹಳದಿ ಜ್ವರದ ಲಸಿಕೆ: ವಿಮಾನ ಹತ್ತುವ ಎಷ್ಟು ದಿನ ಮೊದಲು?

ಪ್ರಶ್ನೆ: ಮಗನಿಗೆ ಕೆನ್ಯಾದಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಹೊರಡಬೇಕು. ಹಳದಿ ಜ್ವರದ ಲಸಿಕೆ ಆಗಲೇಬೇಕು ಎನ್ನುತ್ತಾರೆ ಏಜೆಂಟರು. ಅವನಿಗೆ ಕಾಮಾಲೆ ಲಸಿಕೆ ಆಗಿದೆ, ಮಂಗನ ಕಾಯಿಲೆಯದ್ದೂ ಆಗಿದೆ. ಇದೂ ಬೇಕೇ? ತೀರ್ಥಹಳ್ಳಿಯಲ್ಲೇ ಹಾಕಿಸಬಹುದೇ?

ಉತ್ತರ: ಬೇಕು. ಹೆಸರಿನಲ್ಲಿ ಹಳದಿ ಇರುವುದರಿಂದ ಬಹಳ ಜನ ಇದನ್ನು ಅರಿಶಿನ ಕಾಮಾಲೆ ಎಂದುಕೊಳ್ಳುತ್ತಾರೆ. ನಾವು ಸಾಮಾನ್ಯವಾಗಿ ಕಾಮಾಲೆ ಲಸಿಕೆ ಎನ್ನುವುದು ಹೆಪಟೈಟಿಸ್ ಬಿ ಲಸಿಕೆಗೆ. ಹಳದಿ ಜ್ವರ ಸೊಳ್ಳೆ ಹರಡುವ ಬೇರೆಯೇ ವೈರಸ್ ರೋಗ, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸು ಹಳದಿ ಜ್ವರದ ವೈರಸ್ಸಿಗೆ ದೂರದ ನೆಂಟ ಹೌದು. ಆದರೆ ಒಂದರ ಲಸಿಕೆ ಇನ್ನೊಂದನ್ನು ತಡೆಯುವುದಿಲ್ಲ.

ತೀರ್ಥಹಳ್ಳಿಯಲ್ಲಿ ಆಗುವುದಿಲ್ಲ. ಕೇಂದ್ರ ಸರ್ಕಾರ ಗೊತ್ತುಪಡಿಸಿದ ಕೇಂದ್ರದಲ್ಲಿ ಹಾಕಿಸಿಕೊಂಡರೆ ಮಾತ್ರ ಪ್ರಮಾಣಪತ್ರಕ್ಕೆ ಬೆಲೆ. ಬೆಂಗಳೂರಿಗೆ ಒಮ್ಮೆ ಹೋಗಿಬರುವ ಲೆಕ್ಕ ಹಾಕಿಕೊಳ್ಳಿ, ಆದರೆ ಸಮಯ ಗೊತ್ತುಮಾಡಿಕೊಳ್ಳದೆ ರಾತ್ರಿ ಬಸ್ ಹತ್ತಬೇಡಿ. ಈ ಲಸಿಕೆ ಸೀಸೆಯಲ್ಲಿ ಒಣಪುಡಿಯಾಗಿ ಬರುತ್ತದೆ, ಒಂದು ಸೀಸೆಯಲ್ಲಿ ಹಲವು ಜನರ ಡೋಸ್. ದ್ರಾವಣ ಬೆರೆಸಿದ ಮೇಲೆ 6 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಹಾಗಾಗಿ ಕೇಂದ್ರದವರು ಜನರನ್ನು ಒಟ್ಟುಮಾಡಿ, ಗೊತ್ತಾದ ದಿನದಲ್ಲಿ ಮಾತ್ರ ಸೀಸೆ ಒಡೆಯುತ್ತಾರೆ.

ಡೋಸ್ ಒಂದೇ, 0.5 ಮಿಲಿಲೀಟರ್, ಚರ್ಮದ ಕೆಳಗೆ. ಪ್ರಮಾಣಪತ್ರ ಜಾರಿಗೆ ಬರುವುದು 10 ದಿನದ ನಂತರ: 5ನೇ ತಾರೀಖು ಹಾಕಿಸಿದರೆ 15ರಿಂದ. ಜನ ಎಡವುವುದು ಇಲ್ಲಿಯೇ. ಟಿಕೆಟ್ ಕೈಗೆ ಬಂದ ಮೇಲೆ ಓಡುತ್ತಾರೆ. ವೀಸಾಕ್ಕೆ ಅರ್ಜಿ ಹಾಕುವಾಗಲೇ ಇದನ್ನೂ ಮುಗಿಸಿಬಿಡಿ. 2016ರ ಜುಲೈ 11ರಿಂದ ಈ ಪತ್ರ ಜೀವನಪೂರ್ತಿ ಊರ್ಜಿತ. ಹಿಂದಿನ 10 ವರ್ಷದ ಮಿತಿ ಈಗಿಲ್ಲ.

ಮೂಲ ಪಾಸ್‌ಪೋರ್ಟ್ ಒಯ್ಯಲಿ. ನಮ್ಮ ಕಡೆ ಇನಿಷಿಯಲ್‌ನದೇ ತೊಂದರೆ: ಆಧಾರ್‌ನಲ್ಲಿ ಒಂದಕ್ಷರ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಪ್ರಮಾಣಪತ್ರದ ಹಳದಿ ಪುಸ್ತಿಕೆಯಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿದ್ದಂತೆಯೇ ಬರಬೇಕು. ಲಸಿಕೆಯ ಬ್ಯಾಚ್ ಸಂಖ್ಯೆ, ತಾರೀಖು, ವೈದ್ಯರ ಸಹಿ, ಕೇಂದ್ರದ ಮೊಹರು ಇವೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಲಿ.

ಇದು ಜೀವಂತ ವೈರಸ್ಸನ್ನು ಬಲಗುಂದಿಸಿ ಮಾಡಿದ ಲಸಿಕೆ. ಮೊಟ್ಟೆ ತಿಂದರೆ ತೀವ್ರ ಅಲರ್ಜಿ ಆಗುವವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುತ್ತಿರುವವರು, ಗರ್ಭಿಣಿಯರು, 60 ದಾಟಿದವರು ಮೊದಲೇ ವೈದ್ಯರಿಗೆ ಹೇಳಬೇಕು. ಮುಂದೆ ಮಗನನ್ನು ನೋಡಲು ನೀವೂ ಹೋಗುವುದಿದ್ದರೆ ಈ ಮಾತು ನಿಮಗೂ ಸೇರಿದ್ದು. ಲಸಿಕೆಯಾದ ಕೆಲವು ದಿನಗಳಲ್ಲಿ ಸಣ್ಣ ಜ್ವರ, ಮೈಕೈ ನೋವು ಬಂದರೆ ಗಾಬರಿ ಬೇಡ.

ಈ ಪ್ರಮಾಣಪತ್ರವನ್ನು ಬಿಗಿಯಾಗಿ ಕೇಳುವುದು ವಾಪಸ್ ಬರುವಾಗ, ನಮ್ಮದೇ ವಿಮಾನ ನಿಲ್ದಾಣದಲ್ಲಿ. ಭಾರತದಲ್ಲಿ ಹಳದಿ ಜ್ವರ ಇಲ್ಲ, ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ಬೇಕಾದಷ್ಟಿದೆ. ಡೆಂಗಿ ಹರಡುವುದೂ ಅದೇ. ಮಳೆಗಾಲದಲ್ಲಿ ಹಳೇ ಟಯರಿನಲ್ಲಿ, ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ನೀರಲ್ಲಿ ಮರಿ ಮಾಡುತ್ತದೆ. ಸೊಳ್ಳೆ ಕಚ್ಚಿ ಜ್ವರ ಕಾಣಿಸಲು 3ರಿಂದ 6 ದಿನ ಬೇಕು. ಅದಕ್ಕೇ ಪತ್ರವಿಲ್ಲದೆ ಬಂದವರನ್ನು 6 ದಿನದವರೆಗೆ ಪ್ರತ್ಯೇಕ ಇರಿಸಬಹುದು. ಇಥಿಯೋಪಿಯಾವೂ ಹಳದಿ ಜ್ವರವಿರುವ ದೇಶ; ವಿಮಾನ ಅಲ್ಲಿನ ಅಡಿಸ್ ಅಬಾಬಾದಲ್ಲಿ ಬದಲಾಗುವುದಿದ್ದರೆ ಹೋಗುವಾಗಲೂ ಪತ್ರ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿಗೆ ಹಾಕಬೇಡಿ.

ಏಜೆಂಟರು ಹೇಳದ ಒಂದು ವಿಷಯ ಮಲೇರಿಯಾ. ನೈರೋಬಿ ಎತ್ತರದ ಊರು, ಅಪಾಯ ಕಡಿಮೆ. ಮೊಂಬಾಸಾ ಕರಾವಳಿ, ವಿಕ್ಟೋರಿಯಾ ಸರೋವರದ ಕಡೆ ಹಾಗಲ್ಲ; ಅಲ್ಲಿಗೆ ಹೋಗುವುದಿದ್ದರೆ ತಡೆಗಟ್ಟುವ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಲೇಬೇಕು. ಡಾಕ್ಸಿಸೈಕ್ಲಿನ್ ಬರೆದುಕೊಟ್ಟರೆ ಹೊರಡುವ 1–2 ದಿನ ಮೊದಲು ಶುರುಮಾಡಿ, ಆ ಪ್ರದೇಶ ಬಿಟ್ಟ ಮೇಲೂ 4 ವಾರ ದಿನಾ ನುಂಗಬೇಕು. ಊರಿಗೆ ಬಂದೆನಲ್ಲ ಎಂದು ನಡುವೆ ನಿಲ್ಲಿಸುವುದೇ ಹೆಚ್ಚು. ರಜೆಗೆ ಬಂದಾಗ ಜ್ವರ ಬಂದರೆ, ಆಸ್ಪತ್ರೆಯಲ್ಲಿ ಕೂತ ಕೂಡಲೇ ‘ಆಫ್ರಿಕಾದಿಂದ ಬಂದಿದ್ದೇನೆ’ ಎಂದು ಹೇಳಲಿ. ಹೇಳದಿದ್ದರೆ ಇಲ್ಲಿನ ವೈದ್ಯರು ಮೊದಲು ಡೆಂಗಿ, ಇಲಿ ಜ್ವರ, ಮಂಗನ ಕಾಯಿಲೆ ಹುಡುಕುತ್ತಾರೆ. ಫಾಲ್ಸಿಪಾರಂ ಎಂಬ ಅಪಾಯಕಾರಿ ಬಗೆಯ ಮಲೇರಿಯಾಕ್ಕೆ ಅಷ್ಟು ದಿನ ಕಾಯುವ ತಾಳ್ಮೆಯಿಲ್ಲ.