ಸ್ಲರ್ಮ್ ಜೊತೆ ಸ್ಪಾರ್ಕ್‌ಗೆ ಯಾಕೆ ಇನ್ನೂ ಹೊಂದಾಣಿಕೆ ಆಗಿಲ್ಲ?

ರಿಸರ್ಚ್ ಸಂಸ್ಥೆಗಳ ಕ್ಲಸ್ಟರ್‌ನಲ್ಲಿ ಅಕೌಂಟ್ ಸಿಕ್ಕಿದ ಮೇಲೆ, ಡೇಟಾ ಸೈನ್ಸ್ ಕಡೆಯಿಂದ ಬಂದೋರು ಸಾಮಾನ್ಯವಾಗಿ ಕೇಳೋದು "ಸ್ಪಾರ್ಕ್ ಎಲ್ಲಿದೆ?" ಅಂತ, ಅಂದ್ರೆ ದೊಡ್ಡ ಡೇಟಾವನ್ನ ಹಲವು ಮಶೀನ್‌ಗಳಿಗೆ ಹಂಚಿ ಕೆಲಸ ಮಾಡೋ ಸಾಫ್ಟ್‌ವೇರ್. ಉತ್ತರ ಹೆಚ್ಚುಕಮ್ಮಿ ಎಲ್ಲಾ ಕಡೆ ಒಂದೇ: ಸ್ಪಾರ್ಕ್ ಅಂತ ಏನೂ ಓಡ್ತಾ ಇಲ್ಲ, ಸ್ಲರ್ಮ್ (ಮಶೀನ್‌ಗಳನ್ನ ಸರದಿ ಪ್ರಕಾರ ಹಂಚೋ ಸಾಫ್ಟ್‌ವೇರ್) ಇದೆ, ಕ್ಯೂನಲ್ಲಿ ನಿಂತು ನೋಡ್ (ಕ್ಲಸ್ಟರ್‌ನ ಒಂದೊಂದು ಮಶೀನ್) ತಗೊಳಿ, ಅದರೊಳಗೆ ನಿಮ್ಮ ಸ್ಪಾರ್ಕ್ ನೀವೇ ಎಬ್ಬಿಸ್ಕೊಳಿ. ಬೆಂಗಳೂರಿನ ಐಐಎಸ್‌ಸಿಯಲ್ಲಿ 2022ರಲ್ಲಿ ಶುರುವಾದ 3.3 ಪೆಟಾಫ್ಲಾಪ್ಸ್‌ನ ಪರಮ್ ಪ್ರವೇಗದಲ್ಲೂ ಕ್ಯೂ ನೋಡ್ಕೊಳ್ಳೋದು ಸ್ಲರ್ಮೇ. ಇಷ್ಟು ವರ್ಷ ಆದ್ರೂ ಇವೆರಡನ್ನ ಯಾರೂ ಸರಿಯಾಗಿ ಜೋಡಿಸಿಲ್ವಾ ಅಂದ್ರೆ, ತುಂಬಾ ಜನ ಜೋಡಿಸಿದ್ದಾರೆ, ಆದ್ರೆ ಪ್ರತಿ ಸಲ ಅರ್ಧ ಮಾತ್ರ ಆಗಿದೆ. ನೋಡ್ ಕೊಡ್ಸೋದು ಸುಲಭ, ಡೇಟಾ ಎಲ್ಲಿರಬೇಕು ಅನ್ನೋದು ಕಷ್ಟ.

ಮೊದಲು ಕ್ಯೂ ಕಡೆ ನೋಡೋಣ. 1990ರ ದಶಕದ ಶುರುವಲ್ಲಿ ನಾಸಾದ ಏಮ್ಸ್ ಸೆಂಟರ್‌ನಲ್ಲಿ ಪಿಬಿಎಸ್ ಅನ್ನೋ ಕ್ಯೂ ಸಾಫ್ಟ್‌ವೇರ್ ಹುಟ್ತು, ಸುಮಾರು ಹತ್ತು ವರ್ಷ ಆದ್ಮೇಲೆ ಲಾರೆನ್ಸ್ ಲಿವರ್‌ಮೋರ್ ಲ್ಯಾಬ್‌ನಲ್ಲಿ ಸ್ಲರ್ಮ್. ಇವುಗಳ ಎದುರಿಗೆ ಇದ್ದದ್ದು ಎಂಪಿಐ (ಹಲವು ನೋಡ್‌ಗಳ ಪ್ರಾಸೆಸ್‌ಗಳು ಪರಸ್ಪರ ಮಾತಾಡ್ತಾ ಒಟ್ಟಿಗೆ ಓಡೋ ವಿಧಾನ) ಪ್ರೋಗ್ರಾಮ್‌ಗಳು, ಹವಾಮಾನ ಮಾಡೆಲ್ಲು, ಫ್ಲೂಯಿಡ್ ಡೈನಾಮಿಕ್ಸು ಆ ಥರದ್ದು. 64 ನೋಡ್ ಬೇಕು, ಆರು ಗಂಟೆ ಬೇಕು ಅಂತ ಬರೆದುಕೊಟ್ರೆ, ಅಷ್ಟೂ ನೋಡ್ ಒಟ್ಟಿಗೆ ಖಾಲಿಯಾಗೋವರೆಗೂ ಕಾಯಿಸಿ, ಒಂದೇ ಸಲಕ್ಕೆ ಕೊಟ್ಟು, ಆರು ಗಂಟೆ ಆದ ತಕ್ಷಣ ಪ್ರಾಸೆಸ್ ಕೊಂದು ವಾಪಸ್ ಕಿತ್ಕೊಳ್ಳುತ್ತೆ. ಡೇಟಾ ಬೇರೆ ಕಡೆ, ಲಸ್ಟರ್ ಅಥವಾ ಜಿಪಿಎಫ್‌ಎಸ್ ಥರದ ದೊಡ್ಡ ಶೇರ್ಡ್ ಫೈಲ್ ಸಿಸ್ಟಮ್‌ನಲ್ಲಿ. ಎಷ್ಟೋ ಸೂಪರ್‌ಕಂಪ್ಯೂಟರ್‌ಗಳ ನೋಡ್‌ನಲ್ಲಿ ಡಿಸ್ಕೇ ಇರಲ್ಲ.

ಗೂಗಲ್‌ನವರದ್ದು ಇದಕ್ಕೆ ಪೂರಾ ಉಲ್ಟಾ ಲೆಕ್ಕ. 2003ರಲ್ಲಿ ಅವರ ಫೈಲ್ ಸಿಸ್ಟಮ್ ಬಗ್ಗೆ, 2004ರಲ್ಲಿ ಮ್ಯಾಪ್‌ರೆಡ್ಯೂಸ್ (ತುಂಡುಗಳ ಮೇಲೆ ಕೆಲಸ ಮಾಡೋ 'ಮ್ಯಾಪ್', ಆ ಫಲಿತಾಂಶ ಸೇರಿಸೋ 'ರೆಡ್ಯೂಸ್' ಅನ್ನೋ ಎರಡು ಹಂತದ ವಿಧಾನ) ಬಗ್ಗೆ ಪೇಪರ್ ಬಂತು: ಅಗ್ಗದ ಮಶೀನ್‌ಗಳು, ಪ್ರತಿಯೊಂದರಲ್ಲೂ ಡಿಸ್ಕ್, ಫೈಲ್‌ನ 64 ಎಂಬಿ ತುಂಡು ಮಾಡಿ ಒಂದೊಂದು ತುಂಡಿಗೆ ಮೂರು ಕಾಪಿ, ಆಮೇಲೆ ತುಂಡು ಎಲ್ಲಿದೆಯೋ ಅಲ್ಲಿಗೇ ಪ್ರೋಗ್ರಾಮ್ ಕಳಿಸೋದು. ಒಂದು ಮಶೀನ್ ಸತ್ರೆ ಆ ತುಂಡಿನ ಕೆಲಸ ಇನ್ನೊಂದು ಕಡೆ ಮತ್ತೆ ಓಡುತ್ತೆ ಅಷ್ಟೆ, ಎಂಪಿಐ ಥರ ಒಬ್ಬ ಬಿದ್ರೆ ಎಲ್ಲಾ ಬೀಳೋ ಕಥೆ ಇಲ್ಲ. ಇದನ್ನ ನೋಡಿ ಡಗ್ ಕಟಿಂಗ್, ಮೈಕ್ ಕ್ಯಾಫರೆಲ್ಲಾ ಬರೆದದ್ದು 2006ರಲ್ಲಿ ಹಡೂಪ್ ಅಂತ ಬೇರೆ ಪ್ರಾಜೆಕ್ಟ್ ಆಯ್ತು, ಯಾಹೂ ಅದನ್ನ ಕೈಗೆತ್ತಿಕೊಳ್ತು. ಸ್ಪಾರ್ಕ್ ಬಂದದ್ದೂ ಇದೇ ದಾರಿಯಲ್ಲಿ.

ಈಗ ಸಮಸ್ಯೆ ಕಾಣ್ತಿರಬೇಕು. ಒಂದೇ ಮನೆಗೆ ಇಬ್ಬರು ಯಜಮಾನರು. ಯಾವ ನೋಡ್ ಯಾರಿಗೆ, ಎಷ್ಟು ಹೊತ್ತು ಅಂತ ತೀರ್ಮಾನ ಮಾಡೋದು ನಾನೇ ಅಂತ ಸ್ಲರ್ಮ್ ಅಂದುಕೊಂಡಿದೆ, ಹಡೂಪ್ ಕೂಡ ಅದನ್ನೇ ಅಂದುಕೊಂಡಿದೆ.

ಇವೆರಡನ್ನೂ ಸೇರಿಸೋ ಕೆಲಸಕ್ಕೆ ಮೊದಲು ಕೈ ಹಾಕಿದ್ದು ಸೂಪರ್‌ಕಂಪ್ಯೂಟರ್ ಜನ ಇರಬಹುದು ಅನ್ಸುತ್ತೆ ಅಲ್ವಾ, ಅಲ್ಲ, ಹಡೂಪ್ ಜನವೇ. ಯಾಹೂ ಒಳಗೆ ಎಲ್ಲಾ ಟೀಮ್‌ಗಳೂ ಒಂದೇ ಗುಂಪು ಮಶೀನ್ ಹಂಚಿಕೊಳ್ಬೇಕಿತ್ತು, ಹಡೂಪ್‌ಗೆ ಆಗ ಹಂಚೋಕೆ ಬರ್ತಿರಲಿಲ್ಲ. ಅದಕ್ಕೆ ಪಿಬಿಎಸ್ ವಂಶದ ಟಾರ್ಕ್ ತಗೊಂಡು, ಅದರ ಮೇಲೆ 'ಹಡೂಪ್ ಆನ್ ಡಿಮ್ಯಾಂಡ್' ಅಂತ ಒಂದು ಮಾಡಿದ್ರು, ಎಲ್ಲರೂ ಕರೀತಿದ್ದದ್ದು ಎಚ್‌ಒಡಿ ಅಂತ. ಇಷ್ಟು ನೋಡ್ ಬೇಕು ಅಂತ ಎಚ್‌ಒಡಿಗೆ ಹೇಳಿದ್ರೆ ಅದು ಟಾರ್ಕ್‌ಗೆ ಜಾಬ್ ಹಾಕುತ್ತೆ, ನೋಡ್ ಸಿಕ್ಕಿದ ಮೇಲೆ ಒಂದರಲ್ಲಿ 'ರಿಂಗ್‌ಮಾಸ್ಟರ್' ಅನ್ನೋ ಪ್ರಾಸೆಸ್, ಮಿಕ್ಕಿದ್ದರಲ್ಲಿ 'ಹಾಡ್‌ರಿಂಗ್' ಎದ್ದು, ಅವು ಸೇರಿ ನಿಮಗೆ ಅಂತಾನೇ ಒಂದು ಪುಟ್ಟ ಮ್ಯಾಪ್‌ರೆಡ್ಯೂಸ್ ಕ್ಲಸ್ಟರ್ ಎಬ್ಬಿಸ್ತಿದ್ವು. ಡೇಟಾ ಮಾತ್ರ ಎಲ್ಲರಿಗೂ ಸೇರಿದ, ಹಡೂಪ್‌ನದೇ ಫೈಲ್ ಸಿಸ್ಟಮ್ ಆದ ಎಚ್‌ಡಿಎಫ್‌ಎಸ್‌ನಲ್ಲಿ.

ನೋಡೋಕೆ ಚೆನ್ನಾಗಿತ್ತು. ತೊಂದ್ರೆ ಏನಪ್ಪಾ ಅಂದ್ರೆ, ಟಾರ್ಕ್‌ಗೆ ಎಚ್‌ಡಿಎಫ್‌ಎಸ್ ತುಂಡು ಎಲ್ಲಿದೆ ಅಂತ ಗೊತ್ತೇ ಇಲ್ಲ, ಖಾಲಿ ಇರೋ ನೋಡ್ ಕೊಟ್ಬಿಡುತ್ತೆ, ನಿಮ್ಮ ಡೇಟಾ ಇನ್ನೆಲ್ಲೋ, ಹಾಗಾಗಿ 'ಡೇಟಾ ಇರೋ ಕಡೆಗೇ ಪ್ರೋಗ್ರಾಮ್' ಅನ್ನೋ ಮೂಲ ಲೆಕ್ಕವೇ ಕೈಬಿಟ್ಟು ಹೋಯ್ತು. ಎರಡನೇದು, ಮ್ಯಾಪ್ ಹಂತಕ್ಕೆ ನೂರು ನೋಡ್ ಬೇಕಾದ್ರೂ ಕೊನೇಲಿ ಒಂದೆರಡು ರೆಡ್ಯೂಸ್ ಮಾತ್ರ ಎಳೀತಾ ಕೂರುತ್ತೆ, ಮಿಕ್ಕ ನೋಡ್‌ಗಳು ಸುಮ್ನೆ ಬಿದ್ದಿರುತ್ವೆ, ಮಧ್ಯದಲ್ಲಿ ವಾಪಸ್ ಕೊಡೋಕೆ ಆಗಲ್ಲ. ಮೂರನೇದು ಪಕ್ಕಾ ಮನುಷ್ಯರ ಬುದ್ಧಿ: ವಾಪಸ್ ಕೊಟ್ರೆ ಮತ್ತೆ ಕ್ಯೂನಲ್ಲಿ ಕಾಯಬೇಕಲ್ಲ ಅಂತ ಜನ ತಗೊಂಡ ಕ್ಲಸ್ಟರ್ ಹಿಡ್ಕೊಂಡು ಕೂತು ಪಕ್ಕದ ಸಹೋದ್ಯೋಗಿಗಳ ಜೊತೆ ಹಂಚಿಕೊಳ್ತಿದ್ರಂತೆ. ಎಷ್ಟು ನೋಡ್ ಬೇಕು ಅಂತ ಬಹಳ ಜನಕ್ಕೆ ಗೊತ್ತೂ ಇರ್ತಿರಲಿಲ್ಲ. ಇದನ್ನೆಲ್ಲ 2013ರ ಯಾರ್ನ್ (ಆಮೇಲೆ ಹಡೂಪ್‌ಗೆ ಬಂದ ನೋಡ್ ಹಂಚೋ ವ್ಯವಸ್ಥೆ) ಪೇಪರ್‌ನಲ್ಲಿ ಅವರೇ ಒಪ್ಪಿಕೊಂಡು ಬರೆದಿದ್ದಾರೆ, ಆ ಭಾಗ ಓದೋಕೆ ನಿಜಕ್ಕೂ ಮಜವಾಗಿದೆ.

ಎಚ್‌ಒಡಿ ಬಿಟ್ಟು ಯಾಹೂ ಒಂದೇ ದೊಡ್ಡ ಶೇರ್ಡ್ ಕ್ಲಸ್ಟರ್‌ಗೆ ಹೋಯ್ತು, ಅಲ್ಲಿ ಜಾಬ್‌ಟ್ರ್ಯಾಕರ್ ಅನ್ನೋ ಒಂದೇ ಪ್ರಾಸೆಸ್ ಎಲ್ಲಾ ಹೊರ್ತಿತ್ತು. 4,000 ನೋಡ್ ಹತ್ರ ಬರೋ ಹೊತ್ತಿಗೆ ಅದಕ್ಕೆ ಉಸಿರು ಕಟ್ತು. ನೋಡ್ ಹಂಚೋದು ಒಬ್ರು, ಜಾಬ್ ನಡೆಸೋದು ಇನ್ನೊಬ್ರು ಅಂತ ಬೇರೆ ಮಾಡಬೇಕು ಅನ್ನೋ ಟಿಕೆಟ್ 2008ರಲ್ಲೇ ಬಿದ್ದಿತ್ತು, ಆದ್ರೆ ಯಾರ್ನ್ ಹೆಸರಲ್ಲಿ ಅದು ಹಡೂಪ್ 2.2 ಜೊತೆ ಎಲ್ಲರ ಬಳಕೆಗೆ ಬಂದದ್ದು 2013ರ ಅಕ್ಟೋಬರ್‌ನಲ್ಲಿ. ಆ ಪೇಪರ್ ಬರೆದವರ ಕಂಪನಿಗಳ ಪಟ್ಟಿಯಲ್ಲಿ ಹಾರ್ಟನ್‌ವರ್ಕ್ಸ್, ಮೈಕ್ರೋಸಾಫ್ಟ್, ಯಾಹೂ, ಫೇಸ್‌ಬುಕ್ ಜೊತೆಗೆ ನಮ್ಮ ಬೆಂಗಳೂರಿನ ಇನ್‌ಮೊಬಿಯೂ ಇದೆ. ನನ್ನ ಪ್ರಕಾರ ಯಾರ್ನ್ ಅಂದ್ರೆ ಟಾರ್ಕ್ ಕೆಲಸವನ್ನ ಹಡೂಪ್ ತಾನೇ ಮತ್ತೆ ಬರೆದುಕೊಂಡದ್ದು, ಈ ಸಲ ಡೇಟಾ ಎಲ್ಲಿದೆ ಅಂತ ಕೇಳಿಕೊಂಡು.

ಅದೇ ಹೊತ್ತಿಗೆ ಬರ್ಕ್ಲಿಯಲ್ಲಿ ಮೆಸೋಸ್ ಬರೀತಿದ್ರು, ಬೇರೆ ಬೇರೆ ಫ್ರೇಮ್‌ವರ್ಕ್‌ಗಳು ಒಂದೇ ಕ್ಲಸ್ಟರ್ ಹಂಚಿಕೊಳ್ಳೋಕೆ. ಅದರ ಮೇಲೆ ಹೊಸ ಫ್ರೇಮ್‌ವರ್ಕ್ ಎಷ್ಟು ಸುಲಭವಾಗಿ ಕಟ್ಟಬಹುದು ಅಂತ ತೋರಿಸೋಕೆ ಮತೇಯಿ ಜಹಾರಿಯಾ 2009ರಲ್ಲಿ ಶುರು ಮಾಡಿದ್ದೇ ಸ್ಪಾರ್ಕ್. 2025ರ ಸ್ಪಾರ್ಕ್ 4.0ದಲ್ಲಿ ಮೆಸೋಸ್ ಸಪೋರ್ಟನ್ನೇ ಕಿತ್ತು ಹಾಕಿದ್ರು. ಡೆಮೊಗೆ ಅಂತ ಮಾಡಿದ್ದು ಉಳೀತು, ಮೂಲದ್ದು ಹೋಯ್ತು!

ಸೂಪರ್‌ಕಂಪ್ಯೂಟರ್ ಕಡೆಯವರೂ ಸುಮ್ನೆ ಕೂತಿರಲಿಲ್ಲ. ಸನ್ ಗ್ರಿಡ್ ಎಂಜಿನ್ ಅನ್ನೋ ಇನ್ನೊಂದು ಶೆಡ್ಯೂಲರ್‌ನ (ನೋಡ್ ಹಂಚೋ ಸಾಫ್ಟ್‌ವೇರ್) 6.2ರ ಐದನೇ ಅಪ್‌ಡೇಟ್‌ನಲ್ಲಿ, ಎಚ್‌ಡಿಎಫ್‌ಎಸ್ ತುಂಡು ಯಾವ ನೋಡ್‌ನಲ್ಲಿದೆ ಅಂತ ಶೆಡ್ಯೂಲರ್‌ಗೇ ತಿಳಿಸೋ ವ್ಯವಸ್ಥೆ ತಂದ್ರು, ಎಚ್‌ಒಡಿ ತಪ್ಪನ್ನ ನೇರವಾಗಿ ಸರಿ ಮಾಡಿದ್ದು ಅದೇ, ಆದ್ರೆ ಅಷ್ಟರಲ್ಲಿ 2010 ಬಂತು, ಒರಾಕಲ್ ಸನ್ ಕಂಪನಿಯನ್ನೇ ಕೊಂಡ್ಕೊಂಡು ಆ ದಾರಿ ಅಲ್ಲಿಗೇ ನಿಂತುಹೋಯ್ತು. 2011ರಲ್ಲಿ ಸ್ಯಾನ್ ಡಿಯಾಗೋ ಸೂಪರ್‌ಕಂಪ್ಯೂಟರ್ ಸೆಂಟರ್‌ನಿಂದ ಮೈಹಡೂಪ್, ಆಮೇಲೆ ಲಿವರ್‌ಮೋರ್‌ನಿಂದ ಮ್ಯಾಗ್‌ಪೈ. ಎರಡೂ ಮೂಲದಲ್ಲಿ ಸ್ಕ್ರಿಪ್ಟ್‌ಗಳು: ಕ್ಯೂ ಕೊಟ್ಟ ನೋಡ್ ಪಟ್ಟಿ ಓದಿ, ಕಾನ್ಫಿಗ್ ಫೈಲ್ ಬರೆದು, ಕ್ಲಸ್ಟರ್ ಎಬ್ಬಿಸಿ, ಜಾಬ್ ಮುಗಿದ ಮೇಲೆ ಮಲಗಿಸೋದು. ಡೇಟಾ ಮಾತ್ರ ಪ್ರತಿ ಸಲ ಲಸ್ಟರ್‌ನಿಂದ ಎಚ್‌ಡಿಎಫ್‌ಎಸ್‌ಗೆ ಹೊತ್ತು ಹಾಕಬೇಕು, ಇಲ್ಲಾಂದ್ರೆ ನೇರ ಲಸ್ಟರ್‌ನಿಂದಲೇ ಓದಬೇಕು.

ನೇರ ಓದಿದ್ರೆ ಏನಾಗುತ್ತೆ ಅಂತ ಅಮೆರಿಕದ ನರ್ಸ್ಕ್ ಸೆಂಟರ್‌ನ ಕ್ರೇ ಮಶೀನ್‌ಗಳಲ್ಲಿ ನೋಡಿದ್ರು, 2016ರಲ್ಲಿ ಪೇಪರ್ ಬಂತು. ಸ್ಪಾರ್ಕ್ ಷಫಲ್ ಮಾಡುವಾಗ (ನಡುವಿನ ಫಲಿತಾಂಶವನ್ನ ನೋಡ್‌ಗಳ ಮಧ್ಯೆ ಮತ್ತೆ ಹಂಚುವಾಗ) ರಾಶಿ ರಾಶಿ ಸಣ್ಣ ಫೈಲ್ ತೆಗೆದು ಮುಚ್ಚಿ ಮಾಡ್ತಾ ಇರುತ್ತೆ, ಲೋಕಲ್ ಡಿಸ್ಕ್‌ಗೆ ಇದು ಲೆಕ್ಕಕ್ಕಿಲ್ಲ, ಆದ್ರೆ ಲಸ್ಟರ್‌ನಲ್ಲಿ ಪ್ರತಿ ಸಲ ಫೈಲ್ ತೆಗೆಯೋಕೂ ಮೆಟಾಡೇಟಾ ಸರ್ವರ್ (ಯಾವ ಫೈಲ್ ಎಲ್ಲಿದೆ ಅಂತ ಲೆಕ್ಕ ಇಡೋದು) ಹತ್ರ ಹೋಗಿ ಬರಬೇಕು. ಫಲಿತಾಂಶ, ಒಂದು ನೋಡ್‌ನ ವೇಗ ಸಾಮಾನ್ಯ ವರ್ಕ್‌ಸ್ಟೇಷನ್‌ಗಿಂತ 4 ಪಟ್ಟಿನವರೆಗೂ ಕಮ್ಮಿ! ಹಾಗೇ ಬಿಟ್ರೆ ನೂರರ ಲೆಕ್ಕದ ಕೋರ್‌ವರೆಗೆ ಮಾತ್ರ ಹಿಗ್ತಿತ್ತು, ಫೈಲ್‌ಗಳನ್ನ ತೆಗೆದೇ ಇಟ್ಟುಕೊಳ್ಳೋ ಒಂದು ಪದರ ಸೇರಿಸಿ ಕಾನ್ಫಿಗ್ ಸರಿ ಮಾಡಿದ್ರೆ ಹತ್ತು ಸಾವಿರದ ಲೆಕ್ಕಕ್ಕೆ ಹೋಯ್ತು. ಅಂದ್ರೆ ಶೆಡ್ಯೂಲರ್ ಜೊತೆ ಜಗಳ ಅಂತ ಅಂದುಕೊಂಡಿದ್ದು ಅರ್ಧ ಫೈಲ್ ಸಿಸ್ಟಮ್ ಜೊತೆಗಿನ ಜಗಳ.

ಇವತ್ತು ಇದನ್ನ ಕೈಯಲ್ಲಿ ಮಾಡೋರು ಹೇಗೆ ಮಾಡ್ತಾರೆ ಅಂದ್ರೆ, ಎಸ್‌ಬ್ಯಾಚ್ (ಸ್ಲರ್ಮ್‌ಗೆ ಜಾಬ್ ಹಾಕೋ ಕಮಾಂಡ್) ಸ್ಕ್ರಿಪ್ಟ್‌ನಲ್ಲಿ ಸಿಕ್ಕ ನೋಡ್ ಪಟ್ಟಿಯ ಮೊದಲನೇದರಲ್ಲಿ ಸ್ಪಾರ್ಕ್ ಮಾಸ್ಟರ್, ಮಿಕ್ಕಿದ್ದರಲ್ಲಿ ಎಸ್‌ರನ್ (ಸಿಕ್ಕ ನೋಡ್‌ಗಳಲ್ಲಿ ಪ್ರೋಗ್ರಾಮ್ ಓಡಿಸೋ ಕಮಾಂಡ್) ಹಾಕಿ ವರ್ಕರ್, ಷಫಲ್ ಫೈಲ್ ಬೀಳೋ ಜಾಗವನ್ನ ಲಸ್ಟರ್ ಬಿಟ್ಟು ನೋಡ್‌ನ ಎಸ್‌ಎಸ್‌ಡಿಗೋ ರ‍್ಯಾಮ್‌ಗೋ ತಿರುಗಿಸೋದು. ಇದರಲ್ಲಿ ಬೀಳೋಕೆ ಎರಡು ಗುಂಡಿ ಇದೆ. ವರ್ಕರ್‌ಗೆ ನೀವು ಮೆಮೊರಿ ಹೇಳದಿದ್ರೆ ಅದು ನೋಡ್‌ನ ಪೂರ್ತಿ ಮೆಮೊರಿಯಲ್ಲಿ 1 ಜಿಬಿ ಕಳೆದು ಉಳಿದದ್ದೆಲ್ಲ ನಂದೇ ಅಂತ ಮಾಸ್ಟರ್‌ಗೆ ಹೇಳುತ್ತೆ. 192 ಜಿಬಿ ನೋಡ್‌ನಲ್ಲಿ ಸ್ಲರ್ಮ್ ನಿಮಗೆ ಕೊಟ್ಟಿರೋದು 16 ಜಿಬಿ ಇರಬಹುದು, ಆದ್ರೂ ಅದು 191 ಇದೆ ಅನ್ನುತ್ತೆ, ಮಾಸ್ಟರ್ ನಂಬಿ ಕೆಲಸ ತುಂಬುತ್ತೆ, ಮಿತಿ ದಾಟಿದ ತಕ್ಷಣ ಸಿಗ್ರೂಪ್ (ಮೆಮೊರಿ ಮಿತಿ ಕಾಯೋ ಲಿನಕ್ಸ್ ವ್ಯವಸ್ಥೆ) ಕೊಲ್ಲುತ್ತೆ, ಲಾಗ್‌ನಲ್ಲಿ ಎಕ್ಸಿಕ್ಯೂಟರ್ (ವರ್ಕರ್ ಎಬ್ಬಿಸೋ, ಕೆಲಸ ಮಾಡೋ ಪ್ರಾಸೆಸ್) ಸತ್ತಿದೆ ಅಂತ ಮಾತ್ರ ಕಾಣುತ್ತೆ. ಇನ್ನೊಂದು ಪೋರ್ಟ್. ಮಾಸ್ಟರ್ 7077ರಲ್ಲಿ ಕೂರುತ್ತೆ, ಅದೇ ನೋಡ್‌ನಲ್ಲಿ ಬೇರೆಯವರ ಮಾಸ್ಟರ್ ಆಗಲೇ ಕೂತಿದ್ರೆ ನಿಮ್ಮದು ಸದ್ದಿಲ್ಲದೆ 7078ಕ್ಕೆ ಹೋಗುತ್ತೆ, ಸ್ಕ್ರಿಪ್ಟ್‌ನಲ್ಲಿ 7077 ಅಂತ ಬರೆದಿಟ್ಟ ನಿಮ್ಮ ವರ್ಕರ್‌ಗಳು ಹೋಗಿ ಅವರ ಮಾಸ್ಟರ್‌ಗೆ ಸೇರಿಕೊಳ್ತವೆ, ಯಾಕಂದ್ರೆ ಪಾಸ್‌ವರ್ಡ್ ಕೇಳೋ ಸೆಟ್ಟಿಂಗ್ ಮೂಲದಲ್ಲಿ ಆಫ್ ಇರುತ್ತೆ. ಅದಕ್ಕೇ ಬಲ್ಲವರು ನೋಡ್ ತಗೊಂಡ್ರೆ ಎಕ್ಸ್‌ಕ್ಲೂಸಿವ್ ಆಗೇ (ಬೇರೆ ಯಾರಿಗೂ ಹಂಚದೆ) ತಗೊಳ್ಳೋದು.

ಕಂಪನಿಗಳ ಕಡೆ ಕಥೆ ಬೇರೆ ದಾರಿ ಹಿಡೀತು. 2018ರ ಸ್ಪಾರ್ಕ್ 2.3ರಲ್ಲಿ ಕುಬರ್ನೆಟಿಸ್ (ಕಂಟೇನರ್‌ಗಳನ್ನ ಮಶೀನ್‌ಗಳಿಗೆ ಹಂಚಿ ಓಡಿಸೋ ವ್ಯವಸ್ಥೆ) ಮೇಲೆ ಓಡ್ಸೋದು ಪ್ರಯೋಗಕ್ಕೆ ಬಂತು, 2021ರ 3.1ರಲ್ಲಿ ಪಕ್ಕಾ ಆಯ್ತು. ಡೇಟಾ ಎಸ್3 (ಅಮೆಜಾನ್‌ನ ಕ್ಲೌಡ್ ಸ್ಟೋರೇಜ್) ಥರದ ಕಡೆ ಹೋದ್ಮೇಲೆ ಡೇಟಾ ಪಕ್ಕದಲ್ಲೇ ಪ್ರೋಗ್ರಾಮ್ ಅನ್ನೋ ಹಠವೂ ಸಡಿಲ ಆಯ್ತು, ಒಂಥರಾ ಸೂಪರ್‌ಕಂಪ್ಯೂಟರ್ ಜನ ಮೊದಲಿಂದ ಮಾಡ್ತಿದ್ದ ಕಡೆಗೇ ಬಂದ್ರು. ಆದ್ರೆ ಕುಬರ್ನೆಟಿಸ್‌ಗೆ ಒಂದೊಂದೇ ಪಾಡ್ (ಅದರಲ್ಲಿ ಓಡೋ ಕೆಲಸದ ಘಟಕ) ಕೂರಿಸಿ ಅಭ್ಯಾಸ, ಸ್ಪಾರ್ಕ್ ಜಾಬ್ ನಡೆಸೋ ಮುಖ್ಯ ಪ್ರಾಸೆಸ್ ಆದ ಡ್ರೈವರ್‌ಗಳೇ ಜಾಗ ತುಂಬಿ ಎಕ್ಸಿಕ್ಯೂಟರ್‌ಗೆ ಜಾಗ ಇಲ್ಲದೆ ಎಲ್ಲಾ ಜಾಬ್‌ಗಳೂ ಒಬ್ಬರನ್ನೊಬ್ಬರು ಕಾಯ್ತಾ ಕೂರೋ ಪರಿಸ್ಥಿತಿ ಬರ್ತಿತ್ತು. ಅದಕ್ಕೆ ವೊಲ್ಕೇನೋ, ಯೂನಿಕಾರ್ನ್ ಅನ್ನೋ ಶೆಡ್ಯೂಲರ್‌ಗಳು ಬಂದು 'ಎಲ್ಲಾ ಒಟ್ಟಿಗೆ ಸಿಕ್ಕಿದ್ರೆ ಮಾತ್ರ ಶುರು' ಅನ್ನೋದನ್ನ ಸೇರಿಸಿದ್ವು, ಪಿಬಿಎಸ್ ಕಾಲದಲ್ಲೇ ಇದ್ದದ್ದು. ಈಗ ಸ್ಲರ್ಮ್ ಮಾಡಿದವರೇ ಸ್ಲಿಂಕಿ ಅಂತ ತಂದು ಸ್ಲರ್ಮ್‌ನ ಕುಬರ್ನೆಟಿಸ್ ಒಳಗೆ ಓಡಿಸ್ತಿದ್ದಾರೆ.

ಪೈಥಾನ್ ಜನಕ್ಕೆ, ಸ್ಪಾರ್ಕ್ ಥರದ್ದೇ ಲೈಬ್ರರಿಯಾದ ಡಾಸ್ಕ್‌ನ ಕ್ಲಸ್ಟರ್ ಎಬ್ಬಿಸೋಕೆ ಡಾಸ್ಕ್-ಜಾಬ್‌ಕ್ಯೂ ಇದೆ, ಪ್ರತಿ ಗುಂಪು ವರ್ಕರನ್ನೂ ಬೇರೆ ಬೇರೆ ಸಣ್ಣ ಜಾಬ್ ಆಗಿ ಕ್ಯೂಗೆ ಹಾಕುತ್ತೆ, ಸಿಕ್ಕಷ್ಟರಲ್ಲಿ ಕೆಲಸ ಶುರು, ಬೇಡ ಅಂದಾಗ ವಾಪಸ್. ಕ್ಯೂ ಹತ್ರ ಜಗಳ ಆಡದೆ ಅದರ ನಿಯಮಕ್ಕೇ ಹೊಂದಿಕೊಂಡ ಈ ದಾರಿ ನನಗಂತೂ ಎಲ್ಲಕ್ಕಿಂತ ಹಿಡಿಸುತ್ತೆ. ಇನ್ನು ನಿಮ್ಮ ಡೇಟಾ ಕೆಲವು ನೂರು ಜಿಬಿ ಒಳಗಿದ್ರೆ ಈ ರಗಳೆ ಯಾವ್ದೂ ಬೇಡ, ಒಂದು ದೊಡ್ಡ ನೋಡ್ ತಗೊಂಡು ಸ್ಪಾರ್ಕ್‌ನ ಲೋಕಲ್ ಮೋಡ್‌ನಲ್ಲೇ ಓಡಿಸಿ.

ಸ್ಪಾರ್ಕ್ 4.0ದ ಡಾಕ್ಯುಮೆಂಟೇಷನ್ ತೆಗೆದು ನೋಡಿದ್ರೆ ಕ್ಲಸ್ಟರ್ ಮ್ಯಾನೇಜರ್ ಅಂತ ಇರೋದು ಮೂರೇ ಹೆಸರು: ಸ್ಟ್ಯಾಂಡ್‌ಅಲೋನ್ (ಸ್ಪಾರ್ಕ್ ತನ್ನದೇ ಮಾಸ್ಟರ್, ವರ್ಕರ್ ಜೊತೆ ಓಡೋದು), ಯಾರ್ನ್, ಕುಬರ್ನೆಟಿಸ್. ಸ್ಲರ್ಮ್ ಅದರಲ್ಲಿ ಇಲ್ಲ.